ಚಪ್ಪಡಿ ಸಂದಿಗೆ ಬರುವ ಸೂರ್ಯ

ನನಗೆ ಗಡಿಯಾರ ನೋಡಲು ಬರುವ ಮೊದಲೇ ನೆಲ ನೋಡಲು ಬರುತ್ತಿತ್ತು. ನಗರಗೆರೆಯ ನಮ್ಮ ಮನೆಯ ಸೂರಿನಲ್ಲಿ ಒಂದು ಗಾಜಿನ ಹೆಂಚಿದೆ. ಅದರಿಂದ ಇಳಿಯುವ ಅಂಗೈಯಗಲದ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲಿರುತ್ತದೆ; ಆಮೇಲೆ ನಿಧಾನವಾಗಿ ನಡುಮನೆಗೆ ಇಳಿದು ಮೂಡಣಕ್ಕೆ ತೆವಳುತ್ತದೆ. ಎರಡು ಚಪ್ಪಡಿಗಳ ನಡುವಿನ ಉದ್ದನೆಯ ಸಂದಿಗೆ ಅದು ಮುಟ್ಟಿತೋ, ಅಮ್ಮ ತಟ್ಟೆಗೆ ಮುದ್ದೆ ಹಾಕುತ್ತಾಳೆ. ಕೋಟಿಗಟ್ಟಲೆ ಮೈಲಿ ಆಚೆಯಿಂದ ಹೊರಟ ಬೆಳಕು ನಮ್ಮ ಮುದ್ದೆಯ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದಲ್ಲ! ನಮ್ಮೂರ ಬಸ್ಸಿಗೂ ಆ ನಿಯತ್ತಿಲ್ಲ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅಪ್ಪ ಮಾತ್ರ ವಾಚಿನ ಭಕ್ತರು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಸೈರನ್ನಿಗೆ ಎದ್ದು ಕೂತು ಬದುಕಿದವರು. ಈಗ ಸಕ್ಕರೆ ಕಾಯಿಲೆ. ಅವರು ವಾಚು ನೋಡಿ ಊಟಕ್ಕೆ ಮುಂಚಿನ ಮಾತ್ರೆ ನುಂಗುತ್ತಾರೆ, ಅಮ್ಮ ನೆಲ ನೋಡಿ ಬಡಿಸುತ್ತಾಳೆ. ಎರಡಕ್ಕೂ ಎಂದೂ ಜಗಳವಾಗಿರಲಿಲ್ಲ. ಮೋಡ ಮುಸುಕಿದ ದಿನ ಅಮ್ಮ ಬಿಗುಮಾನ ಬಿಟ್ಟು, "ಇವತ್ತು ನಿಮ್ ವಾಚೇ ಗತಿ" ಅನ್ನುವುದುಂಟು.

ಮೊನ್ನೆ ಬೇಸಿಗೆಯಲ್ಲಿ ಕೋತಿಗಳು ಒಡೆದ ಹೆಂಚುಗಳನ್ನು ಬದಲಾಯಿಸಿದೆವು. ಅಲ್ಲಿಂದ ಊಟ ತಡವಾಗತೊಡಗಿತು. ಅಪ್ಪ ಮಾತ್ರೆ ನುಂಗಿ ಕೂತರೆ ಅಮ್ಮ, "ಬಿಸ್ಲು ಸಂದಿಗೆ ಬರ್ಲಿ, ಸುಮ್ನಿರಿ" ಎನ್ನುತ್ತಿದ್ದಳಂತೆ. ನಾನು ದಿನವೂ ಕೆಲಸಕ್ಕೆಂದು ಗೌರಿಬಿದನೂರಿಗೆ ಹೋಗಿ ಸಂಜೆ ಬರುವವನು. ಮಧ್ಯಾಹ್ನದ ಈ ಪಂಚಾಯ್ತಿ ನನಗೆ ತಿಳಿಯದು. ಒಂದು ಸಂಜೆ ಅಪ್ಪ ವಾಚನ್ನು ಕಿವಿಗೆ ಹಿಡಿದು, "ಇದು ಮುಂದಕ್ಕೋಡ್ತಾ ಇದೆ ಕಣಪ್ಪ" ಎಂದರು. ಜನ್ಮವಿಡೀ ವಾಚು ನಂಬಿದ ಮನುಷ್ಯ ಸೂರ್ಯನೆದುರು ಸೋಲೊಪ್ಪಿಕೊಂಡಿದ್ದರು. ನನಗೆ ನಗು ಬಂತು.

ಭಾನುವಾರ ನಗು ಹಾರಿಹೋಯಿತು. ಮಾತ್ರೆ ನುಂಗಿ ಊಟಕ್ಕೆ ಕಾಯುತ್ತಿದ್ದ ಅಪ್ಪ ಕೂತಲ್ಲೇ ಬೆವರಿ, ಕಣ್ಣು ಮುಚ್ಚಿ ಕಂಬಕ್ಕೆ ಒರಗಿಬಿಟ್ಟರು. "ಅಯ್ಯೋ ದೇವುಡಾ!" ಎಂದು ಅಮ್ಮ ಓಡಿಬಂದು ಬೆಲ್ಲದ ನೀರು ಕುಡಿಸಿದಳು. ಅವರು ಚೇತರಿಸಿಕೊಂಡು ಕಣ್ಣು ಬಿಡುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಫೋನು ನೋಡಿದೆ, ಊಟದ ಹೊತ್ತು ಯಾವಾಗಲೋ ದಾಟಿತ್ತು. ಅಮ್ಮ ನೆಲ ನೋಡಿದಳು. ಬಿಸಿಲು ಇನ್ನೂ ಸಂದಿಗೆ ಮುಟ್ಟದೆ ಪಡುವಣ ಬದಿಯಲ್ಲೇ ಇತ್ತು.

"ಹಂಗಾದ್ರೆ ಸೂರ್ಯನೇ ತಪ್ಪಾ?" ಎಂದಳು. ದನಿಯಲ್ಲಿ ಅಳುವಿತ್ತು.

ನಾನು ತಲೆಯೆತ್ತಿದೆ. ಹೆಂಚು ಬದಲಿಸಿದ ಕೆಲಸದವರು ಗಾಜಿನ ಹೆಂಚನ್ನು ಎರಡು ಸಾಲು ಪಡುವಣಕ್ಕೆ ಸರಿಸಿ ಕೂರಿಸಿದ್ದರು.

ಮರುದಿನ ರಜೆ ಹಾಕಿ ಅದನ್ನು ಹಳೆಯ ಜಾಗಕ್ಕೆ ಹಾಕಿಸಿದೆ. ಮೂವರೂ ನೆಲದ ಮೇಲೆ ಕೂತು ಕಾದೆವು. ಬಿಸಿಲು ನಡೆಯುವುದು ಕಾಣುವುದಿಲ್ಲ, ಬಂದದ್ದಷ್ಟೇ ಕಾಣುತ್ತದೆ. ಅದು ಸಂದಿಗೆ ಮುಟ್ಟಿತು. ಅಪ್ಪ ವಾಚು ನೋಡಿ ತಲೆಯಾಡಿಸಿದರು. ಅಮ್ಮ ಆ ಬೆಳಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಅವ್ನು ಸರಿಯಾಗೇ ಬರ್ತಿದ್ದ. ನಾವೇ ಬಾಗ್ಲು ಸರಿಸಿದ್ವಿ" ಎಂದಳು.

ಈಗಲೂ ಬಿಸಿಲು ತಪ್ಪದೆ ಬರುತ್ತದೆ. ಆದರೆ ಅಮ್ಮ ಅದಕ್ಕೆ ಕಾಯುವುದಿಲ್ಲ. ಅಪ್ಪನ ಮುಖ ನೋಡಿ ಬಡಿಸಿಬಿಡುತ್ತಾಳೆ. ಬೆಳಕು ಸಂದಿಗೆ ಬರುವ ಹೊತ್ತಿಗೆ ಅಪ್ಪನ ಮುದ್ದೆ ಅರ್ಧ ಮುಗಿದಿರುತ್ತದೆ. ಅಮ್ಮ ನೆಲದ ಕಡೆ ಕಣ್ಣು ಹಾಯಿಸಿ ಗದರುತ್ತಾಳೆ: "ಈಗ್ ಬಂದ್ಯಾ? ಲೇಟು."