ಅಸಂಗಿಗೆ ಒಯ್ದ ಎಂಟು ನಿಮಿಷ

ಬೆಳಗ್ಗೆ ಏಳಕ್ಕೆ ಮಿರಜ ನಿಲ್ದಾಣದಲ್ಲಿ ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಜತ್ತಿಗೆ ಹೋಗುವ ಕೆಂಪು ಬಸ್ಸು ಹಿಡಿದೆ. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಕಿಟಕಿಯಾಚೆ ದ್ರಾಕ್ಷಿ ಕಟಾವು ನಡೆದಿತ್ತು. ಸುತ್ತಲೂ ಮರಾಠಿ ಮಾತು. ಡಫಳಾಪುರದಲ್ಲಿ ಹತ್ತಿದ ಮುದುಕಿ “ಒಂದೀಟ ಸರಿಯವ್ವಾ” ಎಂದು ಪಕ್ಕ ಕುಳಿತಳು. ಯಾರ ಮನೆಗೆ ಹೊರಟಿದ್ದೀ ಎಂದು ವಿಚಾರಿಸಿದಳು. ಅಸಂಗಿಯ ಮಹಬೂಬಿಯವರ ಮನೆಗೆ ಎಂದೆ. ಆರು ವರ್ಷ ಯಾಕೆ ಹೋಗಲಿಲ್ಲ ಎಂಬುದನ್ನು ಹೇಳಲಿಲ್ಲ.

ಪುಣೆಯಲ್ಲಿ ಸಿನಿಮಾ ಅಧ್ಯಯನದ ಎಂ.ಎ. ಮುಗಿಸಿದ ವರ್ಷ ಬಾಡಿಗೆ ಕ್ಯಾಮೆರಾ ಹೊತ್ತು ಆ ಊರಿಗೆ ಹೋಗಿದ್ದೆ. ಮಹಬೂಬಿ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತಿದ್ದರು. ಮೂರು ದಿನ ಎದುರಿಗೆ ಕುಳಿತು ಚಿತ್ರೀಕರಿಸಿದೆ. ಇದು ಯಾರ ಸೀರೆ, ಆಕೆ ಯಾವ ಊರಿಗೆ ಲಗ್ನವಾಗಿ ಹೋದಳು ಎಂದು ಒಂದೊಂದು ತುಂಡಿಗೂ ಅವರು ಮಾತಾಡುತ್ತಿದ್ದರು. ಎಂಟು ನಿಮಿಷದ ವಿಡಿಯೊ ಕಲಾಕೃತಿ ಮಾಡುವಾಗ ಆ ಮಾತು ನನಗೆ ಅಡ್ಡಿ ಅನ್ನಿಸಿತು. ಅದನ್ನು ತೆಗೆದು, ಗುಂಯ್ ಎನ್ನುವ ಒಂದೇ ನಾದ ಹಾಕಿದೆ. ಮುಂಬೈಯ ಗ್ಯಾಲರಿಯೊಂದರಲ್ಲಿ ಅದು ಪ್ರದರ್ಶನಗೊಂಡಿತು. ಅದನ್ನು ನೋಡಿದವರೇ ಜಾಹೀರಾತು ತಯಾರಿಸುವ ಕಡೆ ಕೆಲಸ ಕೊಡಿಸಿದರು. ಹೊಸ ಕೆಲಸಕ್ಕೆ ಹಾರ್ಡ್‌ಡಿಸ್ಕಿನಲ್ಲಿ ಜಾಗ ಬೇಕೆಂದು, ಮಾತಿದ್ದ ಮೂಲ ದೃಶ್ಯಗಳನ್ನೆಲ್ಲ ಅಳಿಸಿಬಿಟ್ಟೆ. ಮುಗಿದ ಮೇಲೆ ತಂದು ತೋರಿಸುತ್ತೇನೆಂದು ಮಹಬೂಬಿಗೆ ಹೇಳಿದ್ದೆ. ಆ ಮಾತು ನಡೆಸಲು ಆರು ವರ್ಷ ಬೇಕಾಯಿತು.

ಜತ್ತಿನಲ್ಲಿ ಚಹಾ ಕುಡಿದು, ಊರೂರಿಗೆ ಜನ ಒಯ್ಯುವ ವಡಾಪ್ ಜೀಪು ಹತ್ತಿದೆ. ಹನ್ನೆರಡು ಜನರ ನಡುವೆ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡಿದ್ದೆ. ಅಸಂಗಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮಹಬೂಬಿಯ ಮಗಳು ಶಮಾ “ಬರ್ರಿ ಅಕ್ಕಾರ, ಕುಂದ್ರಿ” ಎಂದಳು. ಮನೆ ಮುಂದಿನ ನೆರಳಿನಲ್ಲಿ, ಹೊರಸಿನ ಮೇಲೆ ಮಹಬೂಬಿ ಇದ್ದರು. ಹೋದ ಮಳೆಗಾಲದಲ್ಲಿ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ನನ್ನನ್ನು ಗುರುತಿಸಿ ಎಡಗೈ ಚಾಚಿದರು. ಶಮಾ ರೊಟ್ಟಿ, ಮಡಿಕೆಕಾಳಿನ ಪಲ್ಯ ಬಡಿಸಿದಳು. ಉಂಡು, ವಿಡಿಯೊ ಹಚ್ಚಿದೆ.

ಅರ್ಧಕ್ಕೆ ಶಮಾ, “ಅಮ್ಮಾನ ಆವಾಜ ಹಚ್ಚರಿ” ಎಂದಳು.

ಇಲ್ಲವೆಂದೆ. ನಡೆದದ್ದನ್ನು ಹೇಳಿದೆ.

“ನಾವು ಅಮ್ಮಾನ ಮಾತ ಮೊಬೈಲಿನ್ಯಾಗ ಒಮ್ಮಿನೂ ತಗೊಳ್ಳಿಲ್ರಿ. ನಿಮ್ಮ ಹಂತ್ಯಾಕ ಐತಿ ಅಂತ ಸುಮ್ಮ ಇದ್ವಿ” ಎಂದಳು.

ಒಳಗಿನಿಂದ ಅದೇ ಕೌದಿಯನ್ನು ತಂದು ಹಾಸಿ, ಯಾವ ತುಂಡು ಯಾರದೆಂದು ಅಮ್ಮ ಹೇಳಿದ್ದರು ಎಂದು ಕೇಳಿದಳು. ಬಿಳೂರಿಗೆ ಕೊಟ್ಟ ಮಹಬೂಬಿಯ ತಂಗಿಯ ನೇರಳೆ ಸೀರೆಯೊಂದೇ ನೆನಪಿಗೆ ಬಂತು. ಆ ಮೂರು ದಿನ ನಾನು ಮಾತು ಕೇಳದೆ, ಚಿತ್ರಕ್ಕೆ ಬೀಳುವ ಬೆಳಕು ನೋಡುತ್ತಿದ್ದೆ.

ವಿಡಿಯೊದಲ್ಲಿ ಒಂದೇ ಕಡೆ ಮಹಬೂಬಿಯ ಮುಖವಿದೆ. ತುಟಿ ಅಲುಗುತ್ತದೆ. ಶಮಾ ಅದನ್ನೇ ಮತ್ತೆ ಮತ್ತೆ ಹಚ್ಚಿಸಿ ನೋಡಿದಳು.

“ಇಲ್ಲಿ ನನ್ನ ಹೆಸರ ತಗೊಂಡಾಳ ನೋಡ್ರಿ” ಎಂದು ತಾಯಿಯ ಕಡೆ ತಿರುಗಿದಳು. ಮಹಬೂಬಿ ಹೌದೆಂದು ತಲೆಯಾಡಿಸಿದರು.

ಆ ಗುಂಯ್ ಎನ್ನುವುದನ್ನು ತೆಗೆಯಲು ಬರುತ್ತದೆಯೇ ಎಂದು ಶಮಾ ಕೇಳಿದಳು. ಅಲ್ಲೇ ತೆಗೆದು, ಸದ್ದಿಲ್ಲದ ವಿಡಿಯೊವನ್ನು ಅವಳ ಮೊಬೈಲಿಗೆ ಹಾಕಿಕೊಟ್ಟೆ. ಹೊರಡುವಾಗ ಮಹಬೂಬಿಯ ಬಲಗೈ ಹಿಡಿದು ತಪ್ಪಾಯಿತು ಎಂದೆ. ಅವರು ಎಡಗೈಯಿಂದ ನನ್ನ ಮುಂಗೈಯನ್ನು ಎರಡು ಸಲ ತಟ್ಟಿದರು. ಕ್ಷಮಿಸಿದರೋ, ಹೋಗಿ ಬಾ ಎಂದರೋ, ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಜೀಪು ಹೊರಟಿತು. ತಿರುಗಿ ನೋಡಿದೆ. ಶಮಾ ಹೊರಸಿನ ಅಂಚಿಗೆ ಕುಳಿತು ತಾಯಿಯ ಮುಂದೆ ಮೊಬೈಲು ಹಿಡಿದಿದ್ದಳು. ಇಬ್ಬರೂ ಬಗ್ಗಿ ಅದನ್ನೇ ನೋಡುತ್ತಿದ್ದರು.