ವೆಂಬ್ಲಿಯಲ್ಲಿ ಹೆಸರು ಹಿಡಿದು ಕರೆದದ್ದು

ಆಟ ನೋಡಲು ವೆಂಬ್ಲಿ ಮೈದಾನಕ್ಕೆ ಹೋಗುವುದು ಖಡಾಖಂಡಿತವಾಗಿ ಬೇಡ ಎಂದಳು ಮಗಳು. "ಅವ್ವಾ, ನಿನಗೇನ ತಲಿ ಕೆಟ್ಟೈತೇನ? ಅಷ್ಟ ಮಂದ್ಯಾಗ ಅಪ್ಪನ್ನ ಕರಕೊಂಡ ಹೋಗಿ, ಅಲ್ಲೆ ತಪ್ಪಿಸಿಕೊಂಡ್ರ ಏನ ಮಾಡ್ತಿ?"

ಅವಳ ಮಾತು ಸುಳ್ಳೇನಲ್ಲ. ಅವಳೂ ಡಾಕ್ಟರು, ಮೈಸೂರಿನವನಾದ ನಮ್ಮ ಅಳಿಯನೂ ಡಾಕ್ಟರು. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಮರೆವಿನ ಕಾಯಿಲೆ ಶುರುವಾಗಿದೆ ಎಂಬುದು ಧಾರವಾಡದಲ್ಲೇ ಗೊತ್ತಾಗಿತ್ತು. ರಜೆಗೆಂದು ಮಗಳ ಮನೆಗೆ, ಲಂಡನ್ನಿನ ಹ್ಯಾರೋಗೆ, ಬಂದ ಮೇಲೆ ಅದು ಎಲ್ಲರ ಕಣ್ಣಿಗೂ ಬಿತ್ತು. ಒಂದು ದಿನ ಹಾಲು ತರುತ್ತೇನೆಂದು ಹೋದವರು ತಿರುಗಿ ಬರುವಾಗ ಬೇರೆ ಯಾರದೋ ಬಾಗಿಲಿಗೆ ನಮ್ಮ ಮನೆಯ ಕೀಲಿಕೈ ಹಾಕಿ ತಿರುವುತ್ತ ನಿಂತಿದ್ದರು. ಆ ಓಣಿಯ ಮನೆಗಳಾದರೂ ಎಂಥವು! ಜೋಡಿ ಜೋಡಿಯಾಗಿ ಒಂದೇ ಅಚ್ಚಿನವು, ನನಗೇ ಗುರುತು ಹತ್ತುವುದಿಲ್ಲ. ಪುಣ್ಯಕ್ಕೆ ಆ ಮನೆಯ ಮುದುಕಿ ಒಳ್ಳೆಯವಳು, ಒಳಗೆ ಕೂಡಿಸಿ ಚಹಾ ಕೊಟ್ಟಿದ್ದಳು. ಆದರೆ ಅವತ್ತಿನಿಂದ ಮಗಳು ಇವರನ್ನು ಒಬ್ಬರನ್ನೇ ಹೊರಗೆ ಬಿಡುವುದನ್ನು ನಿಲ್ಲಿಸಿಬಿಟ್ಟಳು. ಇವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು, ಕೂತವರು ಮಾತೇ ಬಿಟ್ಟರು.

ಹಾಗಿದ್ದವರು ಒಂದು ಸಂಜೆ ಟಿವಿ ನೋಡುತ್ತ ನೆಟ್ಟಗೆ ಎದ್ದು ಕೂತರು. ತಲೆಗೆ ಹೆಲ್ಮೆಟ್ಟು, ಮೈತುಂಬ ಗುಂಡು ಗುಂಡು ದಿಂಬು ತುಂಬಿಕೊಂಡ ದೈತ್ಯರು ಒಬ್ಬರನ್ನೊಬ್ಬರು ಹಿಡಿದು ಕೆಡವುತ್ತಿದ್ದರು. "ಏ, ನೋಡಿಲ್ಲೆ! ಇವರು ಹುತುತು ಆಡಾಕತ್ತಾರ!"

ಹುತುತು ಎಂದರೆ ನಮ್ಮ ಕಡೆ ಕಬಡ್ಡಿ. ಕಾಲೇಜಿನ ದಿನಗಳಲ್ಲಿ ನಮ್ಮವರು ಅದರಲ್ಲಿ ಹೆಸರು ಮಾಡಿದವರು, ಎದುರಿನವರ ಕೈಗೆ ಸಿಗದೆ ಗೆರೆ ಮುಟ್ಟಿ ಬರುವುದರಲ್ಲಿ ಎತ್ತಿದ ಕೈ. ಅಳಿಯ ನಗುತ್ತ ಹೇಳಿದ. "ಇದು ಅಮೆರಿಕನ್ ಫುಟ್‌ಬಾಲ್ ಮಾವ. ಅಲ್ಲಿಯ ತಂಡದವರು ಆಗಾಗ ಲಂಡನ್ನಿಗೆ ಬಂದು ಆಡ್ತಾರೆ. ಮುಂದಿನ ವಾರ ಇಲ್ಲೇ ವೆಂಬ್ಲೀಲಿ ಒಂದು ಮ್ಯಾಚ್ ಇದೆ."

"ಹಂಗಾರ ಹೋಗೂಣಲ್ಲ," ಎಂದರು ಇವರು.

ಎಷ್ಟು ತಿಂಗಳಾಗಿತ್ತೋ ಆ ಬಾಯಿಂದ 'ಹೋಗೂಣು' ಎಂಬ ಮಾತು ಕೇಳಿ. ಮಗಳು ಎಷ್ಟು ಹಾರಾಡಿದರೂ ನಾನು ಜಗ್ಗಲಿಲ್ಲ. ಹೆತ್ತವಳಿಗೆ ಹಟ ಇಲ್ಲದೆ ಮಗಳಿಗೆ ಎಲ್ಲಿಂದ ಬಂದೀತು? ಕೊನೆಗೆ ಅವಳೇ ಸೋತಳು, ಆದರೆ ಒಂದು ಕರಾರು ಹಾಕಿದಳು. "ಆತು, ನಾಲ್ಕೂ ಮಂದಿ ಹೋಗೂಣು. ಆದ್ರ ಅಲ್ಲೆ ಏನಾರ ಹೆಚ್ಚುಕಡಿಮಿ ಆತಂದ್ರ, ಊರಿಗೆ ಹೋಗೂತನಕ ಅಪ್ಪ ಮನಿ ಬಿಟ್ಟು ಹೊರಗ ಹೋಗೂದಿಲ್ಲ. ಆಮ್ಯಾಲೆ ನನ್ನ ಮುಂದ ಅಳಬ್ಯಾಡ."

ನಾನು ಒಪ್ಪಿದೆ. ಒಪ್ಪಿ ನಮ್ಮವರ ಕೈ ಹಿಡಿದುಕೊಂಡೇ ಹೊರಟೆ.

ಟ್ಯೂಬ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮೈಮೇಲೂ ತಂಡದ ಅಂಗಿ, ಬೆನ್ನ ಮೇಲೆ ಯಾವನೋ ಆಟಗಾರನ ಹೆಸರು. ಆಡುವವು ಎರಡೇ ತಂಡವಂತೆ, ಆದರೆ ಅಂಗಿಗಳಿಗೆ ಲೆಕ್ಕವಿಲ್ಲ, ಹಸಿರು, ಕೇಸರಿ, ನೀಲಿ, ನೇರಳೆ. "ಇವರೆಲ್ಲ ಯಾರ ಕಡೆಯವರಪಾ?" ಎಂದು ಕೇಳಿದೆ. ತಮ್ಮ ತಮ್ಮ ತಂಡ ಇವತ್ತು ಆಡದಿದ್ದರೂ ಅದರ ಅಂಗಿ ಹಾಕಿಕೊಂಡೇ ಬರುತ್ತಾರೆ ಎಂದ ಅಳಿಯ. ತಮ್ಮ ಮನೆಯಲ್ಲಿ ಮದುವೆ ಇಲ್ಲದಿದ್ದರೂ ಜರತಾರಿ ಸೀರೆ ಉಟ್ಟು ಬರುವ ನಮ್ಮ ಓಣಿಯ ಹೆಂಗಸರು ನೆನಪಾಗಿ ನನಗೆ ನಗು ಬಂತು.

ಮೆಟ್ಟಿಲು ಹತ್ತಿ ಒಳಗೆ ಹೋಗಿ ನಿಂತಾಗ, ಅಬ್ಬಬ್ಬಾ! ನಾನು ಮಂದಿ ನೋಡದವಳಲ್ಲ. ಆದರೆ ಅಷ್ಟು ಮಂದಿ ಒಂದೇ ಕಡೆಗೆ ಮುಖ ಮಾಡಿ, ಕೆಳಗಿನಿಂದ ಆಕಾಶದವರೆಗೆ ಕೂತದ್ದನ್ನು ಎಲ್ಲಿ ನೋಡಬೇಕು? ನಡುವೆ ಒಂದು ಕಸಕಡ್ಡಿ ಇಲ್ಲದ ಹಸಿರು. ಆ ಹಸಿರಿನ ಮೇಲೆ, ನೋಡನೋಡುತ್ತಿದ್ದಂತೆ, ನೂರಾರು ಜನ ಸೇರಿ ಒಂದು ಬಾವುಟ ಬಿಚ್ಚಿದರು. ಬಾವುಟವೆಂದರೆ ಎಂಥದ್ದು! ನಮ್ಮ ಓಣಿಯ ಮನೆಗಳನ್ನೆಲ್ಲ ಮುಚ್ಚಿ ಇನ್ನೂ ಉಳಿಯುವಷ್ಟು. ಅಮೆರಿಕದ್ದು, ಇಲ್ಲಿಯದು, ಎರಡೂ ದೇಶದ ಗೀತೆ ಹಾಡಿದರು. ಎರಡಕ್ಕೂ ನಮ್ಮವರು ಸೆಟೆದು ನಿಂತರು, ನಾನೂ ನಿಂತೆ. ಹಾಡು ಮುಗಿದದ್ದೇ ಬೆಂಕಿಯ ಬುಗ್ಗೆ ಮೇಲೆದ್ದಿತು, ಅಷ್ಟು ದೂರ ಕೂತ ನನ್ನ ಕೆನ್ನೆಗೂ ಬಿಸಿ ತಾಗಿತು. "ಯವ್ವಾ ಯವ್ವಾ" ಎನ್ನುವುದು ಬಿಟ್ಟರೆ ನನಗೆ ಬೇರೆ ಮಾತು ಹೊರಡಲಿಲ್ಲ.

ಆಟ ನನಗೆ ಮೊದಲು ತಳಬುಡ ತಿಳಿಯಲಿಲ್ಲ. ಓಡುತ್ತಾರೆ, ಬೀಳುತ್ತಾರೆ, ಸೀಟಿ ಊದುತ್ತಾರೆ, ಎಲ್ಲರೂ ಎದ್ದು ಹೋಗಿ ಬೇರೆಯವರೇ ಬರುತ್ತಾರೆ. ಮುನ್ನುಗ್ಗಲು ಒಂದು ಪಡೆ, ತಡೆಯಲು ಇನ್ನೊಂದು ಪಡೆ, ಬರಿ ಒದೆಯಲೆಂದೇ ಒಬ್ಬ ಬೇರೆ. "ಇದೇನ್ ಆಟ್ರೀ, ಆಡೂದಕಿಂತ ನಿಲ್ಲೂದ ಹೆಚ್ಚು," ಎಂದು ಗೊಣಗಿದೆ.

ನಮ್ಮವರು ನನ್ನತ್ತ ತಿರುಗಿದರು. "ನಿಂತಾಗ ಏನ ಮಾಡ್ತಾರ ನೋಡು. ಎಲ್ಲಿ ಸಂದಿ ಐತಿ ಅಂತ ಹುಡಕ್ತಾರ. ಅಂವಾ ಮೂಲ್ಯಾಗ ನಿಂತಾನಲ್ಲ, ಸಣ್ಣಾಂವ, ಅವನ್ನ ಯಾರೂ ನೋಡವಲ್ರು. ಈಗ ಅವನ ಕಡೆ ಒಗೀತಾರ."

ಹಾಗೇ ಆಯಿತು! ಚೆಂಡು ಗಿರಗಿರನೆ ತಿರುಗುತ್ತ ಇಡೀ ಅಂಗಳ ದಾಟಿ ಆ ಮೂಲೆಯವನ ಕೈಗೇ ಬಂತು. ಅವನು ಓಡಿದ ರಭಸವೇ! ಮೂವರು ಬೆನ್ನಟ್ಟಿದರು, ಒಬ್ಬನ ಬೆರಳು ಅಂಗಿಗೆ ತಾಗಿತು, ಅವನು ಸೊಂಟ ತಿರುವಿ ನುಣುಚಿಕೊಂಡು ಕೊನೆಯ ಗೆರೆ ದಾಟಿಬಿಟ್ಟ. ಜನ ಎದ್ದ ಸದ್ದಿಗೆ ಕಾಲ ಕೆಳಗಿನ ಕಾಂಕ್ರೀಟು ನಡುಗಿತು. ನಾನು ಆಟಕ್ಕೆ ಬೆರಗಾದೆನೋ ಇವರಿಗೆ ಬೆರಗಾದೆನೋ ಹೇಳಲಾರೆ. ಬೆಳಿಗ್ಗೆ ತಿಂಡಿ ತಿಂದದ್ದು ಮರೆತು ಮತ್ತೆ ತಿಂಡಿ ಕೇಳಿದ್ದ ಮನುಷ್ಯ, ಜನ್ಮದಲ್ಲಿ ಆಡದ ಆಟದ ಒಳಗುಟ್ಟು ಹೇಳುತ್ತ ಕೂತಿದ್ದರು. ಮಗಳು ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದಳು.

ಮುಂದೆ ಒಬ್ಬ ಆಟಗಾರ ಬಿದ್ದವನು ಏಳಲಿಲ್ಲ. ಎರಡೂ ತಂಡದವರು ಇದ್ದಲ್ಲೇ ಒಂದು ಮೊಣಕಾಲೂರಿ ಕೂತರು. ಇಷ್ಟು ಹೊತ್ತು ಬೊಬ್ಬೆ ಹೊಡೆಯುತ್ತಿದ್ದ ಆ ಸಾವಿರಾರು ಜನ ಒಮ್ಮೆಲೇ ಮೌನವಾದರು. ಎಲ್ಲೋ ದೂರದಲ್ಲಿ ಒಂದು ಕೂಸು ಅತ್ತದ್ದು ಸ್ಪಷ್ಟವಾಗಿ ಕೇಳಿತು. ಅವನು ಎದ್ದು ಕುಂಟುತ್ತ ನಡೆದಾಗ ಎದುರು ತಂಡದವರೂ ಚಪ್ಪಾಳೆ ತಟ್ಟಿದರು. ನಾನು ಕಣ್ಣೊರೆಸಿಕೊಂಡೆ. ಯಾವ ತಾಯಿಯ ಮಗನೋ ಏನೋ.

ಅರ್ಧ ಆಟ ಮುಗಿದು ಬಿಡುವು ಬಂತು. ಇವರು ಪಾಯಿಖಾನೆಗೆ ಹೋಗಬೇಕೆಂದರು. ಗಂಡಸರ ಕಡೆ ನಾನು ಹೋಗುವಂತಿರಲಿಲ್ಲ, ಅಳಿಯ ಜೊತೆಗೆ ಹೋದ. ನಾನೂ ಮಗಳೂ ಬಾಗಿಲಲ್ಲೇ ಕಾದೆವು. ಸ್ವಲ್ಪ ಹೊತ್ತಿಗೆ ಅಳಿಯ ಒಬ್ಬನೇ ಹೊರಗೆ ಬಂದ. "ಅತ್ತೆ, ಮಾವ ಬಂದ್ರಾ?" ಎಂದ. ಅವನ ಮುಖ ನೋಡಿಯೇ ನನಗೆ ತಿಳಿಯಿತು. ಒಳಗೆ ಇನ್ನೊಂದು ಬಾಗಿಲಿತ್ತು, ಇವರು ಅದರಿಂದ ಹೊರಟುಹೋಗಿದ್ದರು.

ಅಳಿಯ ಹೊಳೆಯುವ ಜಾಕೀಟು ಹಾಕಿದ ಕಾವಲಿನವಳ ಹತ್ತಿರ ಓಡಿದ. ಅವಳು ಹೆಸರು ಬರೆದುಕೊಂಡು, 'ಮಿಸ್ಟರ್' ಎಂದು ನಮ್ಮ ಮನೆತನದ ಅಡ್ಡಹೆಸರನ್ನು ವೈರ್‌ಲೆಸ್ಸಿನಲ್ಲಿ ಹೇಳಿದಳು. ಅವಳ ನಾಲಿಗೆಯ ಮೇಲೆ ಅದು ಹೇಗೆ ತಿರುಚಿಕೊಂಡಿತೆಂದರೆ ನನಗೇ ತಿಳಿಯಲಿಲ್ಲ, ಇನ್ನು ಹಾಗೆ ಕೂಗಿದರೆ ನಮ್ಮವರಿಗೇನು ತಿಳಿದೀತು? ಮಗಳು ನನ್ನ ಕಡೆ ತಿರುಗಿಯೂ ನೋಡದೆ ಜನರ ನಡುವೆ ಹುಡುಕತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಗ ಕಂಡರು. ಹೊರಬಾಗಿಲಿನ ಕಡೆ ಹರಿಯುತ್ತಿದ್ದ ಜನರ ನಡುವೆ, ಕಂದು ಬಣ್ಣದ ಸ್ವೆಟರು, ಆ ನರೆತ ತಲೆ. ಯಾರ ಹಿಂದೆಯೋ ಯಾರೋ ಹೋಗುವಂತೆ ಹೋಗುತ್ತಿದ್ದರು. "ರೀ!" ಎಂದು ಕೂಗಿದೆ. "ರೀ, ಇಲ್ಲೆ ನೋಡ್ರೀ!" ತಿರುಗಲಿಲ್ಲ. ಮಗಳು "ಅಪ್ಪಾ!" ಎಂದು ಚೀರಿದಳು. ಕೂಸನ್ನೆತ್ತಿಕೊಂಡಿದ್ದ ಬೇರೆ ಯಾವನೋ ತಿರುಗಿ ನೋಡಿದ, ತಮಿಳಿನವನಿರಬೇಕು, ಅವರಲ್ಲೂ ತಂದೆಗೆ ಅಪ್ಪ ಅಂತಲೇ. ಅಳಿಯ ಎರಡೂ ಕೈ ಬಾಯಿಗೆ ಹಿಡಿದು "ಮಾವಾ!" ಎಂದ. ನಮ್ಮೆಲ್ಲರ ಹತ್ತಿರ ಅವರನ್ನು ಕರೆಯಲು ಒಂದೊಂದು ಸಂಬಂಧವಿತ್ತು, ಯಾರ ಬಾಯಲ್ಲೂ ಹೆಸರಿರಲಿಲ್ಲ. ಆ ಕಂದು ಸ್ವೆಟರು ಆಗಲೇ ಮೂಲೆ ತಿರುಗುವುದರಲ್ಲಿತ್ತು.

ನಾನು ಅವರ ಹೆಸರು ಹೇಳಿದವಳೇ ಅಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಮದುವೆ ಮುಂಜಿಗಳಲ್ಲಿ ಹೆಂಗಸರು ಅಡ್ಡಗಟ್ಟಿ "ಗಂಡನ ಹೆಸರು ಹೇಳವಾ" ಎಂದಾಗ ಮಾತ್ರ ಹೇಳಬಹುದು, ಅದೂ ಬರಿದೇ ಅಲ್ಲ. ಒಡಪು ಕಟ್ಟಿ, ಪ್ರಾಸ ಕೂಡಿಸಿ, ಅದರ ನಡುವೆ ಹೆಸರು ಹುದುಗಿಸಿ, ನಾಚಿಕೊಂಡು ಹೇಳಬೇಕು. ಆ ಗದ್ದಲದಲ್ಲಿ ನಿಂತು ಬಾಯಿ ತೆರೆದರೆ, ಏನು ಹೇಳಲಿ ನನ್ನ ಕರ್ಮ, ನಾಲಿಗೆಗೆ ಮೊದಲು ಒಡಪೇ ಬಂತು. 'ಮಲ್ಲಿಗಿ ಮಾಲಿ, ಮುತ್ತಿನ ಓಲಿ' ಎಂದು ತುಟಿ ಗುನುಗತೊಡಗಿತು. ಹುಚ್ಚಿ, ಅವರು ಹೋಗುತ್ತಿದ್ದಾರೆ, ನೀನು ಮಾಲೆ ಪೋಣಿಸುತ್ತ ನಿಂತಿದ್ದೀಯಲ್ಲ ಎಂದು ನನ್ನನ್ನೇ ಬೈದುಕೊಂಡು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಆ ಹೆಸರನ್ನು ಕೂಗಿದೆ. ಬರಿ ಹೆಸರು. ಹಿಂದೆ ಒಡಪಿಲ್ಲ, ಮುಂದೆ 'ರೀ' ಇಲ್ಲ.

ಅವರು ನಿಂತರು.

ತಿರುಗಿ ನೋಡಿದರು. ಮಂದಿಯ ನಡುವೆ ನುಸುಳುತ್ತ, ಯಾರಿಗೂ ತಾಗದೆ, ಸೊಂಟ ಆ ಕಡೆ ಈ ಕಡೆ ಹೊರಳಿಸುತ್ತ ಸೀದಾ ನನ್ನ ಹತ್ತಿರ ಬಂದರು. ನಾನು ಅವರ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಇವರು ಹುಬ್ಬು ಗಂಟಿಕ್ಕಿ ನನ್ನ ಮುಖವನ್ನೇ ನೋಡಿದರು.

"ನೀ ಹೆಸರ ಹಿಡದ ಕರದಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು. "ನಾ ಅಷ್ಟ ದೂರ ಹೋಗಿದ್ನೇನ?"

"ಇಲ್ರೀ," ಎಂದೆ. "ಇಲ್ಲೇ ಇದ್ರಿ."

ಮಗಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಮನೆಗೆ ಹೋಗೋಣವೇ ಎಂದು ಅಳಿಯ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಇವರೇ "ಆಟ ಮುಗೀಲಿಪಾ, ನಡುವ ಎದ್ದ ಹೋಗಬಾರದು" ಎಂದರು. ಮಗಳು ಮೂಗೊರೆಸಿಕೊಂಡು ಅಪ್ಪನ ಇನ್ನೊಂದು ಕೈ ಹಿಡಿದಳು. ಕೊನೆಯ ಸೀಟಿಯವರೆಗೂ ಕೂತೆವು. ಯಾರು ಗೆದ್ದರೆಂದು ಕೇಳಿದರೆ ನನಗೆ ನೆನಪಿಲ್ಲ. ಅಷ್ಟು ಜನರ ಗದ್ದಲದಲ್ಲಿ ಒಂದು ಹೆಸರು ಹೋಗಿ ಸರಿಯಾದ ಕಿವಿಗೇ ಮುಟ್ಟಿತಲ್ಲ ಎಂದು, ಆಕಾಶದವರೆಗೆ ಕೂತ ಆ ಮಂದಿಯನ್ನು ನೋಡುತ್ತ ನಾನು ಅದನ್ನೇ ಯೋಚಿಸುತ್ತಿದ್ದೆ. ಮಗಳು ತನ್ನ ಕರಾರಿನ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನದಿಂದ ತಾನೇ ಅಪ್ಪನನ್ನು ಕರೆದುಕೊಂಡು ಓಣಿಯಲ್ಲಿ ಅಡ್ಡಾಡತೊಡಗಿದಳು.

ಈಗ ನಾವು ಧಾರವಾಡಕ್ಕೆ ವಾಪಸು ಬಂದಿದ್ದೇವೆ. ಆ ಹೆಸರು ಏನೆಂದು ಇಲ್ಲಿ ಬರೆಯಲಾರೆ, ಬರೆಯಲು ಇನ್ನೂ ನಾಚಿಕೆ. ಆದರೆ ಮನೆಯಲ್ಲಿ ದಿನವೂ ಹೆಸರು ಹಿಡಿದೇ ಕರೆಯುತ್ತೇನೆ. ಈ ವಯಸ್ಸಿನಲ್ಲಿ ಇವಳಿಗೇನು ಬಂತು ಎಂದು ಓಣಿಯ ಹೆಂಗಸರು ಕಿಸಕ್ಕೆಂದು ನಗುತ್ತಾರೆ, ನಗಲಿ. ಕರೆದರೆ ಇವರು ತಿರುಗುತ್ತಾರೆ, ನನಗೆ ಅಷ್ಟು ಸಾಕು. ಇವತ್ತು ಬೆಳಿಗ್ಗೆ ಎರಡು ಸಲ ಕರೆಯಬೇಕಾಯಿತು. ಎರಡನೆಯದಕ್ಕೆ ತಿರುಗಿದರು.