ಬಿಟ್ಟ ಅರ್ಧವನ್ನು ತಿರುಗಿ ಕೊಟ್ಟವಳು

ಬ್ಯಾಂಕಿನವರನ್ನೂ ಬಿಡದೆ ಚೌಕಾಸಿ ಮಾಡಿ ಸಾಲವನ್ನು ಅರ್ಧಕ್ಕೆ ಇಳಿಸಿದವಳೆಂದರೆ ನಮ್ಮ ಬ್ರೇಕಮ್ಮ ಒಬ್ಬಳೇ ಎಂದು ಅವಳಿದ್ದ ಕಟ್ಟಡದ ನೆರೆಹೊರೆಯವರು ಹೇಳಿಕೊಳ್ಳುತ್ತಿದ್ದರು. ಕೆಳಗಿನ ಕ್ಷೌರದಂಗಡಿಯವನಂತೂ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ, ಅವನು ಬಾಯಿ ತೆರೆಯಲಾರದ ಹೊತ್ತು ನೋಡಿ ಈ ಕತೆ ಶುರುಮಾಡುತ್ತಿದ್ದ. ಹೇಳಿ ಹೇಳಿ ಅದು ಎಲ್ಲಿಗೆ ಬಂದಿತ್ತೆಂದರೆ, ಬ್ಯಾಂಕಿನ ಮ್ಯಾನೇಜರು ಕುರ್ಚಿ ಬಿಟ್ಟೆದ್ದು, ಸಾಕು ತಾಯಿ, ಕೊಟ್ಟಷ್ಟು ಕೊಟ್ಟು ಹೋಗು ಎಂದು ಕೈಮುಗಿಯುತ್ತಿದ್ದ. ಬ್ರೇಕಮ್ಮ ಮೆಟ್ಟಿಲಿಳಿಯುವಾಗ ಇದು ಕಿವಿಗೆ ಬಿದ್ದರೆ ತಿದ್ದುತ್ತಿರಲಿಲ್ಲ. ತುಟಿಯಲ್ಲೇ ನಗು ಒತ್ತಿಕೊಂಡು ಮುಂದೆ ಹೋಗುತ್ತಿದ್ದಳು.

ಆ ಹೆಸರು ಬಂದದ್ದು ಅವಳ ಕಸುಬಿನಿಂದ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದಲ್ಲ, ವರ್ಷಗಟ್ಟಲೆ ಅದನ್ನೇ ಒತ್ತಿ ಅವಳ ಬಲಗಾಲಿಗೆ ಅದು ಚಾಳಿಯಾಗಿ ಕೂತಿತ್ತು. ಬಸ್ಸು ತಿರುವು ತೆಗೆದುಕೊಂಡರೆ ಸಾಕು, ಎಲ್ಲಿ ಕೂತಿದ್ದರೂ ನೆಲ ಒತ್ತುವಳು. ಒಮ್ಮೆ ಎದುರುಮನೆಯವನ ಸ್ಕೂಟರಿನ ಹಿಂದೆ ಕೂತಿದ್ದಾಗ ಅವನು ನಿಲ್ಲಿಸಿ, ಹಿಂದೆ ಕೂತವರಿಗೆ ಬ್ರೇಕ್ ಕೊಟ್ಟಿಲ್ಲ ಕಣಕ್ಕಾ, ಸುಮ್ಮನೆ ನನ್ನ ಗಾಡಿ ತುಳೀಬೇಡ ಎಂದು ಬೇಡಿಕೊಂಡನಂತೆ.

ಸಾಲ ಮಾಡಿದ್ದು ಅವಳ ತಾಯಿಯ ಮೊಣಕಾಲಿಗೆ. ಕ್ರೆಡಿಟ್ ಕಾರ್ಡಿನ ಮೇಲೆ ಆಪರೇಷನ್ ಮಾಡಿಸಿದಳು. ಮುದುಕಿಯ ನೋವೇನೋ ಇಳಿಯಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಅದೇ ವರ್ಷ ಅವಳು ಆಗ ಕಲಿಸುತ್ತಿದ್ದ ಸ್ಕೂಲು ಬಾಗಿಲು ಹಾಕಿತು. ಕಂತು ತಪ್ಪಿತು, ಬಡ್ಡಿ ಬೆಳೆಯಿತು, ವಸೂಲಿಯವರ ಫೋನು ಊಟಕ್ಕೆ ಕೂತಾಗಲೂ ಬರತೊಡಗಿತು. ಬ್ರೇಕಮ್ಮ ಹೆದರಲಿಲ್ಲ. ಕಿವಿಯ ಓಲೆ ಮಾರಿ ದುಡ್ಡು ಹಿಡಿದು ಬ್ಯಾಂಕಿನ ಕಚೇರಿಗೆ ಹೋಗಿ, ಇದಿಷ್ಟೇ ಇರೋದು, ಬೇಕಾದ್ರೆ ತಗೊಳ್ಳಿ, ಇಲ್ಲ ಅಂದ್ರೆ ಇದೂ ಇಲ್ಲ ಎಂದು ಕೂತಳು. ಸಂಜೆಯ ಹೊತ್ತಿಗೆ ಅವರು ಅರ್ಧಕ್ಕೆ ಒಪ್ಪಿದರು. ಬರುವಾಗ ಕಟ್ಟಡದ ಪ್ರತಿ ಬಾಗಿಲಲ್ಲೂ ನಿಂತು ಹೇಳಿಕೊಂಡು ಮೇಲೆ ಬಂದಳು.

ಮೇಲೆ ಅಂದರೆ ಮೂರನೆಯ ಮಹಡಿ. ಲಿಫ್ಟಿಲ್ಲ. ಆಸ್ಪತ್ರೆಯಿಂದ ಬಂದ ದಿನ ಎತ್ತಿ ತಂದು ಕೂರಿಸಿದ ಮುದುಕಿ ಮತ್ತೆ ಕೆಳಗಿಳಿಯಲೇ ಇಲ್ಲ. ಕಿಟಕಿಯ ಪಕ್ಕದ ಕುರ್ಚಿಯೇ ಅವಳ ಲೋಕ. ಬೀದಿಯವರಿಗೆಲ್ಲ ಅವಳು ಮೇಲಿನಜ್ಜಿ. ತರಕಾರಿಯವನನ್ನು ಮೇಲಿಂದಲೇ ಬೈದು ಬೆಲೆ ಇಳಿಸುವಳು. ಆದರೂ ಒಂದು ದಿನ ಮಗಳು ತಲೆ ಬಾಚುತ್ತಿದ್ದಾಗ ಮೆಲ್ಲಗೆ ಹೇಳಿದಳು: “ಇಲ್ಲಿಂದ ಬರೀ ನೆತ್ತಿ ಕಾಣ್ತಾವೆ ಕಣೇ. ಈ ಬೀದೀಲಿ ಯಾರ್ಯಾರ ಕೂದಲು ಉದುರಿದೆ ಅಂತ ಕೇಳು, ಹೇಳ್ತೀನಿ. ಯಾರ ಮುಖ ಸಪ್ಪಗಿದೆ ಅಂತ ಕೇಳಿದ್ರೆ ಗೊತ್ತಿಲ್ಲ. ಸಾಯೋದ್ರೊಳಗೆ ಒಂದು ಬಾಗಿಲಲ್ಲಿ ಕೂತು ಮುಖ ನೋಡ್ಬೇಕು.”

ಬ್ರೇಕಮ್ಮ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ತೆಗೆದು ಸುತ್ತಿ ಬಿಸಾಡಿದಳು. ಅಮ್ಮನನ್ನು ನೆಲಕ್ಕಿಳಿಸಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡಳು. ಬಾಡಿಗೆಗೆ ಹುಡುಕಿದರೆ ಕೆಳಗಿನದೆಲ್ಲ ಅಂಗಡಿಗಳೇ, ಮನೆಯಿದ್ದ ಕಡೆ ಮುಂಗಡ ಕೇಳಿದರೆ ತಲೆ ತಿರುಗುವಷ್ಟು. ಬಸ್ ಡಿಪೋದ ಹಿಂದೆ ಸಾಲುಮನೆ ಕಟ್ಟುತ್ತಿದ್ದರು. ಬೀದಿಗೇ ಬಾಗಿಲು, ಮೆಟ್ಟಿಲು ಒಂದೂ ಇಲ್ಲ, ಕೊಳ್ಳಲು ಬ್ಯಾಂಕು ಸಾಲ ಕೊಡುತ್ತದೆ ಎಂದರು.

ಬೇರೊಂದು ಸ್ಕೂಲಿನಲ್ಲಿ ಹೊಸ ಕೆಲಸ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಕೂಡಿತ್ತು. ಇನ್ನೊಂದು ಬ್ಯಾಂಕಿಗೆ ಧೈರ್ಯವಾಗಿಯೇ ಹೋದಳು. ಸಾಲದ ಮೇಜಿನ ಹುಡುಗಿ ಹಿಂದೆ ಏನಾದರೂ ಸಾಲ ಇತ್ತಾ ಎಂದು ಕೇಳಿದಳೋ ಇಲ್ಲವೋ, ಬ್ರೇಕಮ್ಮ ತನ್ನ ಜಾಣತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂಬಂತೆ ಅರ್ಧಕ್ಕೆ ಇಳಿಸಿದ ಕತೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದಳು. ಹುಡುಗಿ ನಗಲಿಲ್ಲ. ಕಂಪ್ಯೂಟರನ್ನು ಈ ಕಡೆ ತಿರುಗಿಸಿದಳು.

“ನೋಡಿ ಮೇಡಂ, ಇಲ್ಲಿ ಸಾಲ ತೀರಿತು ಅಂತ ಇಲ್ಲ. ರಾಜಿ ಅಂತ ಇದೆ.”

“ರಾಜಿ ಆದ್ಮೇಲೆ ತೀರಿದ ಹಾಗೇ ಅಲ್ವಾ?”

“ನಿಮಗೆ ತೀರಿತು. ಕೊಟ್ಟೋರಿಗೆ ಅರ್ಧ ಹೋಯ್ತು. ಅದನ್ನ ಎಲ್ಲ ಬ್ಯಾಂಕಿನವರೂ ನೋಡ್ತಾರೆ.”

ಬ್ರೇಕಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ದಿನ ಎದೆ ಸೆಟೆಸಿ ಹೇಳಿಕೊಂಡು ತಿರುಗಿದ್ದೇ ತನ್ನ ಹೆಸರಿಗೆ ಮೆತ್ತಿದ ಮಸಿ. ವಾಪಸು ಬರುವಾಗ ಕ್ಷೌರದಂಗಡಿಯವನು, ಏನಕ್ಕಾ, ಇವತ್ತು ಯಾವ ಬ್ಯಾಂಕು ಮಲಗಿಸಿ ಬಂದೆ ಎಂದ. ಮೊದಲ ಬಾರಿಗೆ ಅವಳು ನಗದೆ ಹತ್ತಿದಳು.

ಆ ದಿನಗಳಲ್ಲಿ ಅವಳ ಹತ್ತಿರ ಕಲಿಯಲು ಒಬ್ಬ ನಿವೃತ್ತ ಕ್ಯಾಷಿಯರ್ ಬರುತ್ತಿದ್ದ. ಅವನ ಸಂಸಾರದಲ್ಲಿ ಕಾರು ಓಡಿಸುತ್ತಿದ್ದವಳು ಹೆಂಡತಿ. ಅವಳ ಕಣ್ಣು ಮಂಜಾದ ಮೇಲೆ ಇವನ ಸರದಿ ಬಂದಿತ್ತು. ಎಷ್ಟು ಪುಕ್ಕಲನೆಂದರೆ ಸೈಕಲ್ಲಿನವರು ಹಿಂದಿನಿಂದ ಬಂದು, ತಾತಾ, ಗಾಡಿ ಕೆಟ್ಟಿದೆಯಾ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಮಾರನೆಯ ಬೆಳಿಗ್ಗೆ ಬ್ರೇಕಮ್ಮ ಒಮ್ಮೆಯೂ ಗದರದೆ ಕೂತಿದ್ದನ್ನು ಕಂಡು ಅವನು ಗಾಡಿ ಪಕ್ಕಕ್ಕೆ ಹಾಕಿ ಕಾರಣ ಕೇಳಿದ. ಅವಳು ಎಲ್ಲ ಹೇಳಿದಳು. ಎರಡು ಕೆಲಸ ಮಾಡಬೇಕು ಎಂದ. ಒಂದು, ಅಂದು ಬಿಡಿಸಿಕೊಂಡ ಅರ್ಧವನ್ನು ಕಟ್ಟಿ, ಪೂರ್ತಿ ತೀರಿದೆ ಎಂದು ಬರೆಸಿಕೊಳ್ಳಬೇಕು. ಎರಡು, ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಮೇಲೆ ಒಂದು ಕ್ರೆಡಿಟ್ ಕಾರ್ಡು ತೆಗೆದುಕೊಂಡು, ತಿಂಗಳು ತಿಂಗಳು ಬಳಸಿ ತೀರಿಸಿ ತೋರಿಸಬೇಕು. ಕೆಟ್ಟ ಹೆಸರಿದ್ದವರಿಗೂ ಆ ಕಾರ್ಡು ಕೊಡುತ್ತಾರೆ, ಕಟ್ಟದಿದ್ದರೆ ಠೇವಣಿಯನ್ನೇ ಮುರಿದುಕೊಳ್ಳುತ್ತಾರೆ.

“ಅಂದ್ರೆ ನನ್ನ ದುಡ್ಡು ಅವರ ಹತ್ರ ಇಟ್ಟು, ನಾನೇ ಸಾಲ ತಗೊಂಡು, ನಾನೇ ತೀರಿಸ್ಬೇಕಾ?” ಎಂದಳು ಬ್ರೇಕಮ್ಮ. “ಇದಕ್ಕಿಂತ ನನ್ನ ಎಡಗೈಯಿಂದ ಬಲಗೈ ಸಾಲ ತಗೊಂಡ್ರೆ ಆಗಲ್ವಾ ಸರ್?”

“ಆಗುತ್ತೆ. ಆದ್ರೆ ಅದನ್ನ ಯಾರೂ ನೋಡಲ್ಲ. ನಾನು ರಸ್ತೆ ಮೇಲೆ ಸರಿಯಾಗಿ ಓಡಿಸ್ತೀನಿ ಅಂತ ಮನೇಲಿ ಕೂತು ಹೇಳಿದ್ರೆ ನೀವು ನಂಬ್ತೀರಾ? ಪಕ್ಕದಲ್ಲಿ ಕೂತು ನೋಡ್ತೀರಿ. ಅವರೂ ಹಾಗೇ.”

ಅವಳು ಎರಡಕ್ಕೂ ಕೈಹಾಕಿದಳು. ಕೂಡಿಟ್ಟಿದ್ದರಲ್ಲಿ ಒಂದು ಪಾಲನ್ನು ಠೇವಣಿ ಮಾಡಿ ಕಾರ್ಡು ತಂದಳು. ಉಳಿದದ್ದನ್ನು ಹಿಡಿದು, ಹಿಂದೆ ಚೌಕಾಸಿ ಮಾಡಿದ ಅದೇ ಕಚೇರಿಗೆ ಹೋದಳು. ಅಲ್ಲಿದ್ದವನು ಅವಳ ಮಾತು ಕೇಳಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡನಂತೆ. ಬಿಡಿ ಅಂತ ಜಗಳ ಮಾಡೋರನ್ನ ನೋಡಿದ್ದೀನಿ, ಬಿಟ್ಟಿದ್ದನ್ನ ತಗೊಳ್ಳಿ ಅಂತ ಬಂದವರನ್ನ ನೋಡಿಲ್ಲ ಎಂದನಂತೆ. ಒಂದೇ ಸಲ ಕಟ್ಟಲು ಆಗುತ್ತಿರಲಿಲ್ಲ. ಕಂತು ಮಾಡಿಸಿಕೊಂಡಳು. ಕಡೆಯ ಕಂತು ಕಟ್ಟಿದ ದಿನವೇ ಪೂರ್ತಿ ತೀರಿದೆ ಎಂಬ ಪತ್ರ ಕೈಗೆ ಬರಬೇಕು ಎಂಬ ವಿಷಯದಲ್ಲಿ ಮಾತ್ರ ಒಂದಿಂಚೂ ಜಗ್ಗಲಿಲ್ಲ. ಆ ಕಂತಿಗಾಗಿ ಸೂರ್ಯ ಹುಟ್ಟುವ ಮುಂಚಿನ ಪಾಠಗಳನ್ನೂ ಒಪ್ಪಿಕೊಂಡಳು. ಹಾಲಿನ ಗಾಡಿಗಳ ನಡುವೆ ಕಲಿಯುವವರನ್ನು ಕೂರಿಸಿಕೊಂಡು ಸುತ್ತಿದಳು.

ಸುದ್ದಿ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು? ಗೆದ್ದದ್ದನ್ನು ಹೊತ್ತುಕೊಂಡು ಹೋಗಿ ವಾಪಸು ಕೊಡುವ ಹುಚ್ಚಿ ಎಂದರು. ಓಲೆ ಮಾರಿದ್ದು ದಂಡ, ಮರ್ಯಾದೆ ಮಾರಿದ್ದೂ ದಂಡ ಎಂದು ಎರಡನೆಯ ಮಹಡಿಯಾಕೆ ಬಟ್ಟೆ ಒಣಹಾಕುತ್ತಾ ಗೋಡೆಗೆ ಹೇಳುವಂತೆ ಹೇಳಿದಳು. ಎಲ್ಲರಿಗಿಂತ ನೊಂದವನು ಕ್ಷೌರದಂಗಡಿಯವನು.

“ನನ್ನ ಕತೆಯ ಕುತ್ತಿಗೆ ಕೊಯ್ದುಬಿಟ್ಟೆಯಲ್ಲಕ್ಕಾ. ಇನ್ನು ಗಿರಾಕಿಗೆ ಏನಂತ ಹೇಳ್ಲಿ?”

“ನಿಜ ಹೇಳು. ಸ್ವಲ್ಪ ಬೇಗ ಮುಗಿಯುತ್ತೆ, ನಾಲ್ಕು ಗಡ್ಡ ಜಾಸ್ತಿ ಆಗುತ್ತೆ,” ಎಂದು ಅವಳು ಹತ್ತಿಹೋದಳು.

ಕಾರ್ಡಿನ ವಿಷಯದಲ್ಲಿ ಅವಳು ತಪ್ಪಿದ್ದು ಅತಿ ನಿಯತ್ತಿನಿಂದ. ಅದರಲ್ಲಿ ಅಮ್ಮನ ಔಷಧಿ ಮಾತ್ರ ಕೊಳ್ಳುವುದು ಎಂದು ಮಾಡಿಕೊಂಡಿದ್ದಳು. ಆದರೆ ಸಾಲವೆಂಬುದು ಮನೆಯಲ್ಲಿ ಒಂದು ರಾತ್ರಿ ಮಲಗಿದರೂ ಬೆಳಿಗ್ಗೆಗೆ ಮರಿಹಾಕುತ್ತದೆ ಎಂಬ ಭಯ ಅವಳ ಮೈಯಲ್ಲೇ ಸೇರಿತ್ತು. ಮಧ್ಯಾಹ್ನ ಔಷಧಿ ಕೊಂಡರೆ ಸಂಜೆಗೇ ಆ ದುಡ್ಡು ಕಟ್ಟಿಬಿಡುತ್ತಿದ್ದಳು. ತಿಂಗಳ ಕೊನೆಗೆ ಬಿಲ್ಲು ಬಂದರೆ ಅದರಲ್ಲಿ ಸೊನ್ನೆ. ಅರ್ಧ ವರ್ಷ ಹೀಗೇ ನಡೆಸಿ, ಈಗ ನೋಡಿ ಎಂದು ಹೋದರೆ, ಸಾಲದ ಮೇಜಿನ ಹುಡುಗಿ ನೋಡಿದಳು. ಸಾಲ ತೀರಿಸುವ ನಿಯತ್ತಿಗೆ ಬ್ಯಾಂಕಿನವರು ನೋಡುವ ಅಂಕ ಸ್ವಲ್ಪ ಮೇಲೆ ಕದಲಿತ್ತು, ಅಷ್ಟೇ.

ಕ್ಯಾಷಿಯರ್ ತಲೆ ಚಚ್ಚಿಕೊಂಡ. ಬಿಲ್ಲು ಹುಟ್ಟುವ ಮುಂಚೆಯೇ ಕಟ್ಟಿದರೆ ನೀವು ಕೊಂಡಿದ್ದೂ ಗೊತ್ತಾಗಲ್ಲ, ತೀರಿಸಿದ್ದೂ ಗೊತ್ತಾಗಲ್ಲ, ಕಾರ್ಡು ಸುಮ್ಮನೆ ಬಿದ್ದಿದೆ ಅಂದುಕೊಳ್ಳುತ್ತಾರೆ ಎಂದು ವಿವರಿಸಿದ. ಕೊಂಡು ಸುಮ್ಮನಿರಬೇಕು. ಬಿಲ್ಲು ಬರಲಿ. ಬಂದ ಮೇಲೆ ಗಡುವಿನೊಳಗೆ ಒಂದು ಕಾಸೂ ಉಳಿಸದೆ ಕಟ್ಟಬೇಕು. ಕಾರ್ಡಿನ ಮಿತಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖರ್ಚು ಮಾಡಬಾರದು. ಅವಳಿಗೆ ಇದರಷ್ಟು ಕಷ್ಟದ ಪಾಠ ಬೇರೆ ಇರಲಿಲ್ಲ. ದುಡ್ಡು ಡಬ್ಬಿಯಲ್ಲಿದೆ, ಕಟ್ಟುವ ಹಾಗಿಲ್ಲ. ಎದ್ದು ನೋಡುವಳು, ಮುಚ್ಚುವಳು. ಮೇಲಿನಜ್ಜಿಗೆ ಇದೆಲ್ಲ ಒಳ್ಳೆ ತಮಾಷೆ. ಹೆಣ್ಣು ನೋಡಲು ಬರುವವರನ್ನು ಕಾದಂತೆ ಬೆಳಿಗ್ಗೆ ಎದ್ದು, ಬಂತೇನೇ ಬಿಲ್ಲು ಎಂದು ಕೇಳುವಳು. ಬಂದ ದಿನ, ಬಂದಿದ್ದಾನೆ, ನಾಲ್ಕು ದಿನ ಇಟ್ಕೊಂಡು ಕಳಿಸು ಎಂದು ನಗುವಳು.

ಹೀಗೆ ಒಂದು ವರ್ಷ ಕಳೆಯಿತು. ಬಿಟ್ಟ ಅರ್ಧದ ಕಂತು ಮುಗಿದು ಪತ್ರವೂ ಕೈಗೆ ಬಂತು. ಸಾಲುಮನೆಯಲ್ಲಿ ಕೊನೆಯ ಕೆಲವು ಮಾತ್ರ ಉಳಿದಿದ್ದವು. ಆಗ ಸ್ಕೂಲಿನ ಕಾರಿನ ಕ್ಲಚ್ಚು ಹೋಯಿತು. ಮಾಲೀಕ ಕೆಟ್ಟವನಲ್ಲ, ಜೇಬು ಮಾತ್ರ ಯಾವಾಗಲೂ ತೂತು. ಗ್ಯಾರೇಜಿನಲ್ಲಿ ನಿಂತು ಅವಳ ಕಡೆ ತಿರುಗಿದ.

“ಅಕ್ಕಾ, ನಿನ್ನ ಹತ್ರ ಕಾರ್ಡಿದೆಯಲ್ಲ, ಒಂದ್ಸಲ ಉಜ್ಜಿಬಿಡು. ಒಂದನೇ ತಾರೀಕು ಕೊಡ್ತೀನಿ.”

“ಆಗಲ್ಲ.”

“ಅಷ್ಟು ನಂಬಿಕೆ ಇಲ್ವಾ ನನ್ನ ಮೇಲೆ?”

“ನಿನ್ನ ಮೇಲೆ ನನಗೆ ನಂಬಿಕೆ ಇದೆ. ನನ್ನ ಮೇಲೆ ಅವರಿಗೆ ಇನ್ನೂ ಬಂದಿಲ್ಲ. ಅದು ಬರೋವರೆಗೆ ಈ ಕಾರ್ಡು ನಮ್ಮಮ್ಮನ ಗುಳಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಹೊರಗೆ ಬರಲ್ಲ.”

“ಗಾಡಿ ನಿಂತ್ರೆ ನಿನ್ನ ಸಂಬಳವೂ ನಿಲ್ಲುತ್ತೆ, ನೆನಪಿರ್ಲಿ.”

“ನಿಲ್ಲಲಿ,” ಎಂದಳು.

ಗಾಡಿ ನಿಂತಿತು, ಸಂಬಳವೂ ನಿಂತಿತು. ಅವಳು ಕಲಿಯುವವರ ಮನೆಮನೆಗೆ ಹೋಗಿ ಅವರವರ ಕಾರಿನಲ್ಲೇ ಕಲಿಸಿದಳು. ಆ ಕಾರುಗಳಲ್ಲಿ ಅವಳ ಕಾಲ ಕೆಳಗೆ ಬ್ರೇಕಿರಲಿಲ್ಲ. ಇರುವುದು ಬಾಯೊಂದೇ. ಅದನ್ನೇ ಬಳಸಿದಳು, ಗಂಟಲು ಕಟ್ಟಿತು. ಆ ತಿಂಗಳ ಬಿಲ್ಲನ್ನೂ ಗಡುವಿನೊಳಗೆ ಕಟ್ಟಿದಳು. ಮಾಲೀಕ ಅವರಿವರ ಕೈಕಾಲು ಹಿಡಿದು ಗಾಡಿ ರಿಪೇರಿ ಮಾಡಿಸಿದ. ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಟೀ ತರಿಸಿ ಕರೆದ.

ಸಾಲ ಕೇಳಲು ಮೂರನೆಯ ಸಲ ಹೋದಾಗ ಬ್ರೇಕಮ್ಮ ಯಾವ ಕತೆಯನ್ನೂ ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಹುಡುಗಿ ಕಂಪ್ಯೂಟರನ್ನು ಈ ಸಲವೂ ತಿರುಗಿಸಿದಳು. ಹಳೆಯ ಸಾಲದ ಮುಂದೆ ಪೂರ್ತಿ ತೀರಿದೆ ಎಂದಿತ್ತು. ತಡವಾದ ತಿಂಗಳುಗಳ ಗುರುತು ಇನ್ನೂ ಹೋಗಿಲ್ಲ, ಅದು ಹೋಗಲು ಕಾಲ ಬೇಕು, ಕೇಳಿದಷ್ಟು ಸಿಗುವುದಿಲ್ಲ ಎಂದಳು. ಸಿಕ್ಕಷ್ಟಕ್ಕೆ ಸಾಲಿನ ಕಡೆಯ ಮನೆ ಬಂತು. ಒಂದು ಕೋಣೆ, ಒಂದು ಅಡುಗೆಮನೆ, ಎದುರಿಗೆ ಡಿಪೋದ ಹಿಂಬದಿಯ ಗೇಟು. ದಿನವಿಡೀ ಜನ. ಬ್ರೇಕಮ್ಮ ಹೊಸ್ತಿಲ ಎತ್ತರ ಅಳೆದು ನೋಡಿ, ಅದನ್ನು ಕೆತ್ತಿಸಿ ನೆಲಸಮ ಮಾಡಿಸಿದಳು.

ಹೊರಡುವ ದಿನ ಮುದುಕಿಯನ್ನು ಕುರ್ಚಿಯಲ್ಲೇ ಇಳಿಸಿದರು. ಮುಂದೆ ಕ್ಷೌರದಂಗಡಿಯವನು, ಹಿಂದೆ ಎದುರುಮನೆಯ ಸ್ಕೂಟರಿನವನು. ತಿರುವಿನಲ್ಲಿ ಹುಷಾರು, ನಿನ್ನ ತಲೆ ಬೋಳಾಗಿದ್ದು ನನಗೆ ಮೇಲಿಂದಲೇ ಗೊತ್ತಿತ್ತು, ಮುಖ ಪರವಾಗಿಲ್ಲ ಕಣೋ ಎಂದು ಮುಂದಿನವನಿಗೆ ಹೇಳುತ್ತಾ ಅವಳು ದಾರಿಯುದ್ದಕ್ಕೂ ಅಪ್ಪಣೆ ಕೊಡಿಸುತ್ತಾ ಇಳಿದಳು. ಎರಡನೆಯ ಮಹಡಿಯಾಕೆ ಬಾಗಿಲಿಗೆ ಬಂದು ಮುದುಕಿಯ ಕೈ ಹಿಡಿದವಳು ಬಿಡಲೇ ಇಲ್ಲ. ಕುರ್ಚಿ ಹೊತ್ತವರು ಭಾರಕ್ಕೆ ನರಳುತ್ತಾ ನಿಂತರು.

ಬ್ರೇಕಮ್ಮ ಕಡೆಯ ಚೀಲ ತರಲು ಮತ್ತೆ ಮೇಲೆ ಹೋದಳು. ಖಾಲಿ ಕೋಣೆಯಲ್ಲಿ ಅವಳ ಚಪ್ಪಲಿಯ ಸದ್ದು ದೊಡ್ಡದಾಗಿ ಕೇಳಿತು. ಚೀಲ ಹೆಗಲಿಗೇರಿಸಿ, ಬಾಗಿಲೆಳೆದು, ಅಭ್ಯಾಸದಿಂದ ಬೀಗದ ಕೈ ತೂರಿಸಿದಳು. ಈ ವರ್ಷಗಳಲ್ಲಿ ಕೆಲಸಕ್ಕೆ ಹೋಗುವಾಗೆಲ್ಲ ಅವಳು ತಾಯಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಯೇ ಹೋಗಿದ್ದಳು, ಎದ್ದು ಬಂದು ಬಾಗಿಲು ಹಾಕಿಕೊಳ್ಳಲು ಮುದುಕಿಗೆ ಆಗುತ್ತಿರಲಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಬೀಗದ ಕೈ ಹಿಡಿದ ಬೆರಳು ತಿರುಗಿಸಲು ಹೋಗಿ ನಿಂತಿತು. ಕೆಳಗಿನಿಂದ ಅಮ್ಮನ ದನಿ ಬಂತು, ಸಾಮಾನು ಸಾಗಿಸಲು ಬಂದ ವ್ಯಾನಿನವನಿಗೆ ಮದುವೆಯಾಗಿದೆಯೇ ಎಂದು ವಿಚಾರಿಸುತ್ತಿದ್ದಳು. ಬ್ರೇಕಮ್ಮ ಬೀಗದ ಕೈಯನ್ನು ಅಲ್ಲೇ ಬಿಟ್ಟು, ಎಳೆದ ಬಾಗಿಲನ್ನು ಮತ್ತೆ ತೆರೆದಿಟ್ಟು, ಮೆಟ್ಟಿಲಿಳಿದು ಹೋದಳು.